ಯಾವ ಲೋಹದ ನ್ಯಾನೋ ತಂತಿ ಆರಿಸಬೇಕು? ಜಲಜನಕ ಬಿಡಿಸುವವರಿಗೆ ಒಂದು ಹೋಲಿಕೆ

"ಜಲಜನಕ ಬಿಡಿಸೋದಕ್ಕೆ ಯಾವ ನ್ಯಾನೋ ತಂತಿ ಒಳ್ಳೆಯದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಯಾವುದರಿಂದ ಬಿಡಿಸುತ್ತೀರಿ, ಅಂದರೆ ಜಲಜನಕ ಕಟ್ಟಿಟ್ಟ ಪದಾರ್ಥ ಯಾವುದು? ಇದು ಗೊತ್ತಾಗದೆ ತಂತಿಯ, ಅಂದರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೋಹದ ಎಳೆಯ, ಮಾತು ಎತ್ತಿ ಪ್ರಯೋಜನವಿಲ್ಲ. ಸೋಡಿಯಂ ಬೋರೋಹೈಡ್ರೈಡ್‌ನಲ್ಲಿ ಚೆನ್ನಾಗಿ ದುಡಿಯುವ ಕೋಬಾಲ್ಟ್ ತಂತಿಯನ್ನು ಫಾರ್ಮಿಕ್ ಆಮ್ಲಕ್ಕೆ ಹಾಕಿದರೆ ಅದು ಕರಗುತ್ತಾ ಹೋಗುತ್ತದೆ. ಫಾರ್ಮಿಕ್ ಆಮ್ಲಕ್ಕೆ ಹೇಳಿ ಮಾಡಿಸಿದಂತಿರುವ ಪಲ್ಲೇಡಿಯಂ ತಂತಿಯನ್ನು ಬೋರೋಹೈಡ್ರೈಡ್‌ಗೆ ಬಳಸಿದರೆ ಕೆಲಸವೇನೋ ಆಗುತ್ತದೆ. ಆದರೆ ಅಷ್ಟು ಅಪರೂಪದ ಲೋಹ ಅಲ್ಲಿ ಬೇಕಾಗಿಯೇ ಇರಲಿಲ್ಲ.

ಹಾಗಾಗಿ ನನ್ನ ಕ್ರಮ ಇಷ್ಟೇ. ಮೊದಲು ಪದಾರ್ಥ, ಆಮೇಲೆ ಲೋಹ, ಕೊನೆಗೆ ಆಕಾರ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೈಕ್ರೋಸ್ಕೋಪಿನ ಚಿತ್ರದಲ್ಲಿ ತಂತಿ ಚೆನ್ನಾಗಿ ಕಂಡಿತು ಅಂತ ಅದರಿಂದ ಶುರು ಮಾಡಿ, ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತಾರೆ.

ಮೊದಲು ಪದಾರ್ಥ

ಜಲಜನಕ ಹಗುರ. ಒಂದು ಕಿಲೋ ಜಲಜನಕ ಸಾಮಾನ್ಯ ಒತ್ತಡದಲ್ಲಿ, ಸೊನ್ನೆ ಡಿಗ್ರಿಯಲ್ಲಿ ಸುಮಾರು 11 ಘನ ಮೀಟರ್ ಜಾಗ ತಿನ್ನುತ್ತದೆ. ಅದನ್ನು ಸಿಲಿಂಡರಿಗೆ ತುಂಬಲು ವಾಹನಗಳಲ್ಲಿ 700 ಬಾರ್ ಒತ್ತಡ ಹಾಕುತ್ತಾರೆ. ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು. ಇದರ ಬದಲು ಜಲಜನಕವನ್ನು ಒಂದು ರಾಸಾಯನಿಕದೊಳಗೆ ಕಟ್ಟಿಟ್ಟು, ಬೇಕಾದಾಗ ಬಿಡಿಸಿಕೊಂಡರೆ ಹೇಗೆ ಎಂಬುದೇ ಇಲ್ಲಿನ ಯೋಚನೆ. ಆ ಗಂಟು ಬಿಚ್ಚುವ ಕೆಲಸ ವೇಗವರ್ಧಕದ್ದು, ಅಂದರೆ ತಾನು ಖರ್ಚಾಗದೆ ಪ್ರತಿಕ್ರಿಯೆಯನ್ನು ಚುರುಕು ಮಾಡುವ ಪದಾರ್ಥದ್ದು. ಇಲ್ಲಿ ಅದು ನಮ್ಮ ಲೋಹದ ತಂತಿ.

ಮೊದಲನೆಯದು ಸೋಡಿಯಂ ಬೋರೋಹೈಡ್ರೈಡ್. 1940ರ ದಶಕದಲ್ಲಿ, ಯುದ್ಧದ ಕಾಲದಲ್ಲಿ, ರಸಾಯನ ವಿಜ್ಞಾನಿಗಳಾದ ಹರ್ಮನ್ ಶ್ಲೆಸಿಂಗರ್ ಮತ್ತು ಹರ್ಬರ್ಟ್ ಬ್ರೌನ್ ಇದನ್ನು ತಯಾರಿಸಿದರು. ಅವರ ಬರಹಗಳು ಹೊರಬಂದದ್ದು 1953ರಲ್ಲಿ. ಕೋಬಾಲ್ಟ್ ಲವಣ ಸ್ವಲ್ಪ ಹಾಕಿದರೆ ಜಲಜನಕ ಬೇಗ ಬಿಡುತ್ತದೆ ಎಂದು ಆಗಲೇ ಕಂಡುಕೊಂಡಿದ್ದರು. ಇಂದಿಗೂ ಈ ಪದಾರ್ಥಕ್ಕೆ ಕೋಬಾಲ್ಟ್ ಬಿಟ್ಟು ಬೇರೆ ದಾರಿ ಹುಡುಕುವವರು ಕಡಿಮೆ ಅನ್ನುವುದು ನನಗೆ ಖುಷಿ ಕೊಡುವ ಸಂಗತಿ. ಅಷ್ಟು ಹಿಂದೆಯೇ ಸರಿಯಾದ ಲೋಹಕ್ಕೆ ಕೈಹಾಕಿದ್ದರು.

ಬೋರೋಹೈಡ್ರೈಡ್‌ನ ತೂಕದಲ್ಲಿ ಶೇ 10.7ರಷ್ಟು ಜಲಜನಕ. ನೀರಿನ ಜೊತೆ ಸೇರಿದಾಗ ಒಂದು ಮೋಲ್‌ಗೆ ನಾಲ್ಕು ಮೋಲ್ ಜಲಜನಕ ಬರುತ್ತದೆ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ). ಅದರಲ್ಲಿ ಅರ್ಧ ನೀರಿನಿಂದಲೇ ಬಂದದ್ದು. ಕೇಳಲು ಚೆನ್ನಾಗಿದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಜಲಜನಕಕ್ಕೆ 4.7 ಕಿಲೋ ಬೋರೋಹೈಡ್ರೈಡ್ ಬೇಕು. ಇದನ್ನು ಶೇ 20ರ ದ್ರಾವಣವಾಗಿ ಇಟ್ಟುಕೊಂಡರೆ ದ್ರಾವಣದ ತೂಕವೇ ಸುಮಾರು 23.5 ಕಿಲೋ. ಶೇ 10.7 ಇದ್ದದ್ದು ಶೇ 4ರ ಹತ್ತಿರ ಬಂತು. ಇನ್ನೂ ಗಟ್ಟಿ ದ್ರಾವಣ ಮಾಡೋಣವೆಂದರೆ ಕೊನೆಗೆ ಉಳಿಯುವ ಸೋಡಿಯಂ ಮೆಟಾಬೋರೇಟ್ ಅಡ್ಡ ಬರುತ್ತದೆ. 25 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಬೋರೋಹೈಡ್ರೈಡ್ 55 ಗ್ರಾಂ ಕರಗಿದರೆ, ಮೆಟಾಬೋರೇಟ್ ಕರಗುವುದು 28 ಗ್ರಾಂ ಮಾತ್ರ. ಉಳಿದದ್ದು ಬಿಳಿ ಹರಳಾಗಿ ತಂತಿಗಳ ಮೇಲೆ ಕೂರುತ್ತದೆ. ಈ ಹರಳಿನ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬಿಸಿಯ ವಿಷಯವೂ ಇದೆ. ಪ್ರತಿ ಮೋಲ್‌ಗೆ ಸುಮಾರು 217 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ಕಿಲೋ ಜಲಜನಕದ ಲೆಕ್ಕದಲ್ಲಿ ಅದು 27 ಮೆಗಾಜೂಲ್. ಆ ಒಂದು ಕಿಲೋವನ್ನು ಉರಿಸಿದರೆ ಸಿಗುವುದೇ 120 ಮೆಗಾಜೂಲ್. ಅಂದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿ ಪಾತ್ರೆಯಲ್ಲೇ ಬಿಸಿಯಾಗಿ ಹೋಗುತ್ತದೆ. 2001ರಲ್ಲಿ ಕ್ರೈಸ್ಲರ್ ಕಂಪನಿ 'ನೇಟ್ರಿಯಂ' ಎಂಬ ಪ್ರಾಯೋಗಿಕ ವಾಹನವನ್ನು ಈ ಪದಾರ್ಥದ ಮೇಲೆ ಓಡಿಸಿ ತೋರಿಸಿತ್ತು. ಆದರೂ 2007ರಲ್ಲಿ ಅಮೆರಿಕದ ಇಂಧನ ಇಲಾಖೆಗೆ ಹೋದ ಶಿಫಾರಸು, ಕಾರುಗಳಿಗೆ ಈ ದಾರಿ ಬೇಡ ಎಂಬುದಾಗಿತ್ತು. ಕೊನೆಗೆ ಉಳಿಯುವ ಆ ಬೋರೇಟನ್ನು ಮತ್ತೆ ಬೋರೋಹೈಡ್ರೈಡ್ ಮಾಡಲು ತಗಲುವ ಶಕ್ತಿ ಬಹಳ. ಚಿಕ್ಕ ಸಾಧನಗಳಿಗೆ, ಆಗೊಮ್ಮೆ ಈಗೊಮ್ಮೆ ಬೇಕಾಗುವ ಜಲಜನಕಕ್ಕೆ ಮಾತ್ರ ಇದು ಈಗಲೂ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಇದರ ಇನ್ನೊಂದು ಗುಣ ತಿಳಿದಿರಬೇಕು. ಕ್ಷಾರ ಇಲ್ಲದ ನೀರಿನಲ್ಲಿ ಇದು ನಿಲ್ಲುವುದಿಲ್ಲ. ಪಿಎಚ್ 8ರಲ್ಲಿ, 25 ಡಿಗ್ರಿಯಲ್ಲಿ, ಒಂದು ನಿಮಿಷ ಕಳೆಯುವ ಮೊದಲೇ ಅರ್ಧದಷ್ಟು ಹೋಗಿರುತ್ತದೆ. ಪಿಎಚ್ 14ಕ್ಕೆ ಏರಿಸಿದರೆ ಅದೇ ಅರ್ಧ ಹೋಗಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಎಲ್ಲರೂ ಕಾಸ್ಟಿಕ್ ಸೋಡಾ ಸೇರಿಸುತ್ತಾರೆ. ನೀವು ಆರಿಸುವ ತಂತಿ ಆ ಕ್ಷಾರದಲ್ಲಿ ಬದುಕಬೇಕು. ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್) ಮೇಲೆ ಕೂರಿಸಿದ ಲೋಹ ಇಲ್ಲಿ ನಡೆಯುವುದಿಲ್ಲ. ಕ್ಷಾರ ಅಲ್ಯೂಮಿನಾವನ್ನೇ ತಿನ್ನುತ್ತದೆ.

ಅಮೋನಿಯಾ ಬೋರೇನ್ ಸ್ವಭಾವ ಬೇರೆ. ನೀರಿನಲ್ಲಿ ಕರಗಿಸಿಟ್ಟರೆ ಕ್ಷಾರದ ಹಂಗಿಲ್ಲದೆ ಸುಮ್ನೆ ಕೂತಿರುತ್ತದೆ. ವೇಗವರ್ಧಕ ಬಿದ್ದ ಕ್ಷಣ ಗುಳ್ಳೆ ಶುರು. ಪ್ರಯೋಗಾಲಯದಲ್ಲಿ ತಂತಿಗಳನ್ನು ಹೋಲಿಸಲು ಇದಕ್ಕಿಂತ ಶಿಸ್ತಿನ ಪದಾರ್ಥ ನಾನು ಕಂಡಿಲ್ಲ. 31 ಮಿಲಿಗ್ರಾಂ ತೂಗಿ ಹಾಕಿದರೆ ಅದು ಒಂದು ಮಿಲಿಮೋಲ್. ಪೂರ್ತಿ ಬಿಡಿಸಿದರೆ ಮೂರು ಮಿಲಿಮೋಲ್ ಜಲಜನಕ, 25 ಡಿಗ್ರಿಯಲ್ಲಿ ಸುಮಾರು 73 ಮಿಲಿ. ನೀರು ತುಂಬಿ ಬೋರಲು ಹಾಕಿದ ಬ್ಯುರೆಟ್ಟಿನಲ್ಲಿ (ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) ನೀರು 73ರ ಗೆರೆಯ ಹತ್ತಿರ ಬಂದು ನಿಂತಿತೋ, ಪ್ರತಿಕ್ರಿಯೆ ಮುಗಿಯಿತು. ನಿಮ್ಮ ಬ್ಯುರೆಟ್ 76 ತೋರಿಸಿದರೆ ಗಾಬರಿ ಬೇಡ. ಅದರೊಳಗೆ ನೀರಾವಿಯೂ ಇದೆ. 25 ಡಿಗ್ರಿಯಲ್ಲಿ ಅದರ ಪಾಲು ಶೇ 3ರ ಆಸುಪಾಸು.

ಇದರ ತೂಕದಲ್ಲಿ ಶೇ 19.6ರಷ್ಟು ಜಲಜನಕ ಎಂದು ಎಲ್ಲ ಕಡೆ ಬರೆದಿರುತ್ತದೆ. ಸಂಖ್ಯೆ ಸರಿ, ಆದರೆ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪ್ರತಿಕ್ರಿಯೆಗೆ ಬೇಕೇಬೇಕಾದ ಎರಡು ನೀರಿನ ಅಣು ಸೇರಿಸಿದರೆ ಶೇ 9ಕ್ಕೆ ಇಳಿಯುತ್ತದೆ. ಕರಗಿಸಲು ಬೇಕಾದ ನೀರು ಸೇರಿಸಿದರೆ ಇನ್ನೂ ಕಡಿಮೆ. ಮತ್ತೊಂದು ತೊಂದರೆ, ದ್ರಾವಣ ಗಟ್ಟಿಯಾದಷ್ಟೂ ಅನಿಲದಲ್ಲಿ ಅಮೋನಿಯಾ ಬೆರೆಯುತ್ತದೆ. ಫ್ಯೂಯೆಲ್ ಸೆಲ್ (ಜಲಜನಕದಿಂದ ವಿದ್ಯುತ್ ಮಾಡುವ ಸಾಧನ) ವಾಹನಗಳ ಜಲಜನಕಕ್ಕೆ ಐಎಸ್‌ಒ 14687 ಮಾನದಂಡ ಬಿಟ್ಟುಕೊಡುವ ಅಮೋನಿಯಾ ಹತ್ತು ಲಕ್ಷ ಭಾಗದಲ್ಲಿ 0.1 ಭಾಗ ಮಾತ್ರ. ಹಾಗಾಗಿ ಅಮೋನಿಯಾ ಹೀರಲು ಮಧ್ಯೆ ಒಂದು ಆಮ್ಲದ ಬಾಟಲಿ ಇಡಲೇಬೇಕು. ಬೋರೋಹೈಡ್ರೈಡ್‌ನಂತೆಯೇ ಇಲ್ಲೂ ಕೊನೆಗೆ ಬೋರಾನ್ ಮತ್ತು ಆಮ್ಲಜನಕದ ಗಟ್ಟಿ ಬಂಧ ಉಳಿಯುತ್ತದೆ. ಅದನ್ನು ಬಿಡಿಸಿ ಹಿಂದಕ್ಕೆ ತರುವುದು ಕಷ್ಟ.

ಫಾರ್ಮಿಕ್ ಆಮ್ಲ, ಅಂದರೆ ಕೆಂಪಿರುವೆ ಕಚ್ಚಿದಾಗ ಉರಿಸುವ ಅದೇ ಆಮ್ಲ. ಇದರಲ್ಲಿ ಜಲಜನಕ ಶೇ 4.4 ಮಾತ್ರ. ಕಡಿಮೆ ಅನ್ನಿಸುತ್ತದೆ. ಆದರೆ ಇದು ಸಾಮಾನ್ಯ ತಾಪಮಾನದಲ್ಲಿ ದ್ರವ. ಒಂದು ಲೀಟರಿಗೆ 53 ಗ್ರಾಂ ಜಲಜನಕ ಹಿಡಿಯುತ್ತದೆ. ಜಲಜನಕ ಬಿಟ್ಟ ಮೇಲೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮಾತ್ರ. ಪಾತ್ರೆಯಲ್ಲಿ ಹರಳಿಲ್ಲ, ಕೆಸರಿಲ್ಲ. ಅದೇ ಡೈಆಕ್ಸೈಡಿಗೆ ಜಲಜನಕ ಸೇರಿಸಿ ಮತ್ತೆ ಫಾರ್ಮಿಕ್ ಆಮ್ಲ ಮಾಡಬಹುದು. ಸುತ್ತು ಮುಚ್ಚುತ್ತದೆ. ಈ ಒಂದು ಕಾರಣಕ್ಕೆ ದೂರದ ದೃಷ್ಟಿಯಲ್ಲಿ ನನಗೆ ಇದರ ಮೇಲೇ ಭರವಸೆ ಜಾಸ್ತಿ.

ಇದರ ಅಪಾಯ ಒಂದೇ, ಆದರೆ ದೊಡ್ಡದು. ಆಮ್ಲ ಇನ್ನೊಂದು ರೀತಿಯಲ್ಲೂ ಒಡೆಯಬಹುದು. ಆಗ ಜಲಜನಕದ ಬದಲು ನೀರು ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. ಅದು ವೇಗವರ್ಧಕಕ್ಕೂ ವಿಷ, ಫ್ಯೂಯೆಲ್ ಸೆಲ್‌ಗೂ ವಿಷ. ಮಾನದಂಡ ಒಪ್ಪುವುದು ಹತ್ತು ಲಕ್ಷದಲ್ಲಿ 0.2 ಭಾಗ. ಇಲ್ಲಿ ವೇಗಕ್ಕಿಂತ, ಆಮ್ಲ ಸರಿಯಾದ ರೀತಿಯಲ್ಲೇ ಒಡೆಯುವುದು ಮುಖ್ಯ.

ಹೈಡ್ರಜೀನ್ ಹೈಡ್ರೇಟ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಶೇ 8ರಷ್ಟು ಜಲಜನಕ, ಉಳಿಯುವುದು ಸಾರಜನಕ ಮಾತ್ರ. ಕಾಗದದ ಮೇಲೆ ಬಹಳ ಸೊಗಸು. ಆದರೆ ವಿಷ, ಕ್ಯಾನ್ಸರ್ ಶಂಕೆಯೂ ಇದೆ. ಲೋಹ ತಪ್ಪಾದರೆ ಜಲಜನಕದ ಬದಲು ಅಮೋನಿಯಾ ಆಗುತ್ತದೆ. ಇದನ್ನು ಮೊದಲ ಪ್ರಯೋಗಕ್ಕೆ ಯಾರಿಗೂ ಸೂಚಿಸಲಾರೆ.

ಆಮೇಲೆ ಲೋಹ

ಬೋರೋಹೈಡ್ರೈಡ್‌ಗೆ ರುಥೇನಿಯಂ, ರೋಡಿಯಂ ಬಹಳ ಚುರುಕು. 1962ರಲ್ಲೇ ಬ್ರೌನ್ ಅವರು ಇದನ್ನು ತೋರಿಸಿದ್ದರು. ಆದರೆ ಕೋಬಾಲ್ಟ್ ಸಾಕು. ಕೋಬಾಲ್ಟ್ ಬೋರೈಡ್, ಕೋಬಾಲ್ಟ್ ಫಾಸ್ಫೈಡ್, ನಿಕಲ್ ಬೆರೆತ ಕೋಬಾಲ್ಟ್, ಯಾವುದಾದರೂ ಸರಿ. ಸುಲಭವಾಗಿ ಸಿಗುವ ಲೋಹ ಕೆಲಸ ಮಾಡುವ ಕಡೆ ಅಪರೂಪದ್ದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹೇಗೂ ಮೆಟಾಬೋರೇಟ್ ಹರಳು ಕೂತು ಎಲ್ಲ ತಂತಿಯೂ ಒಂದು ದಿನ ಸೋಲುತ್ತದೆ. ಸೋಲುವಾಗ ಕೋಬಾಲ್ಟ್ ಸೋಲಲಿ.

ಅಮೋನಿಯಾ ಬೋರೇನ್‌ಗೆ ಪ್ಲಾಟಿನಂ, ರೋಡಿಯಂ, ರುಥೇನಿಯಂ ಮುಂಚೂಣಿಯಲ್ಲಿವೆ. ತಾಮ್ರ, ಕೋಬಾಲ್ಟ್, ನಿಕಲ್ ಒಂದೊಂದೇ ಆದರೆ ನಿಧಾನ. ಎರಡನ್ನು ಬೆರೆಸಿದರೆ, ಅದರಲ್ಲೂ ತಾಮ್ರದ ಜೊತೆ ಕೋಬಾಲ್ಟ್ ಅಥವಾ ನಿಕಲ್ ಸೇರಿಸಿದರೆ, ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಎಷ್ಟೋ ಜಾಸ್ತಿ ವೇಗ ಕೊಡುತ್ತವೆ. ಒಂದು ಲೋಹ ಬೋರೇನ್ ಅಣುವನ್ನು ಹಿಡಿದರೆ ಇನ್ನೊಂದು ನೀರನ್ನು ಸಡಿಲಿಸುತ್ತದೆ ಎಂಬ ವಿವರಣೆ ಕೊಡುತ್ತಾರೆ. ಕಡಿಮೆ ಖರ್ಚಿನ ಲೋಹಗಳಿಗೆ ನಿಜವಾದ ಅವಕಾಶ ಇರುವುದು ಇಲ್ಲಿಯೇ.

ಫಾರ್ಮಿಕ್ ಆಮ್ಲಕ್ಕೆ ಪಲ್ಲೇಡಿಯಂ ಬಿಟ್ಟು ಮಾತಿಲ್ಲ. ಸಾಮಾನ್ಯ ತಾಪಮಾನದಲ್ಲಿ, ನೀರಿನಲ್ಲಿ, ಘನ ವೇಗವರ್ಧಕವಾಗಿ ನಂಬಿಕೆಯಿಂದ ದುಡಿಯುವುದು ಅದೇ. ಬರೀ ಪಲ್ಲೇಡಿಯಂ ಆದರೆ ಮೊನಾಕ್ಸೈಡ್ ಅಂಟಿಕೊಂಡು ಬೇಗ ಸುಸ್ತಾಗುತ್ತದೆ. ಬೆಳ್ಳಿ ಅಥವಾ ಚಿನ್ನ ಬೆರೆಸಿದರೆ ಆ ಅಂಟು ಸಡಿಲವಾಗುತ್ತದೆ. ಬೆಳ್ಳಿಯ ತಿರುಳಿನ ಮೇಲೆ ಪಲ್ಲೇಡಿಯಂನ ತೆಳು ಪದರ ಹೊದಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು 2011ರಿಂದ ಗೊತ್ತಿದೆ. ದ್ರಾವಣಕ್ಕೆ ಸೋಡಿಯಂ ಫಾರ್ಮೇಟ್ (ಇದೇ ಆಮ್ಲದ ಸೋಡಿಯಂ ಲವಣ) ಸೇರಿಸಿದರೆ ವೇಗ ಏರುತ್ತದೆ. ಆದರೆ ಫಾರ್ಮೇಟ್ ಸೇರಿಸಿ ಪಡೆದ ವೇಗವನ್ನು ಸೇರಿಸದೆ ಪಡೆದ ವೇಗದ ಪಕ್ಕ ಇಟ್ಟು ಹೋಲಿಸಬೇಡಿ. ಎರಡೂ ಬೇರೆ ಬೇರೆ ಪ್ರಯೋಗ.

ಹೈಡ್ರಜೀನ್‌ಗೆ ನಿಕಲ್ ಜೊತೆ ರೋಡಿಯಂ ಅಥವಾ ಪ್ಲಾಟಿನಂ. ಬರೀ ರೋಡಿಯಂ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಪಾಲು ಅಮೋನಿಯಾದ ಕಡೆ ಹೋಗುತ್ತದೆ. ಸರಿಯಾದ ಪ್ರಮಾಣದಲ್ಲಿ ನಿಕಲ್ ಸೇರಿದಾಗ ಪೂರ್ತಿ ಜಲಜನಕದ ಕಡೆ ತಿರುಗುತ್ತದೆ.

ಕೊನೆಗೆ ಆಕಾರ: ತಂತಿಯೇ ಯಾಕೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತಂತಿ ಎಂದ ಕೂಡಲೇ ಮೇಲ್ಮೈ ಜಾಸ್ತಿ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಅಷ್ಟೇ ದಪ್ಪದ ಗುಂಡು ಕಣಕ್ಕೆ ಹೋಲಿಸಿದರೆ ತಂತಿಯ ಮೇಲ್ಮೈ ಕಡಿಮೆಯೇ. ಗುಂಡಿಗೆ ಮೇಲ್ಮೈಯನ್ನು ಗಾತ್ರದಿಂದ ಭಾಗಿಸಿದರೆ ವ್ಯಾಸದಿಂದ ಭಾಗಿಸಿದ 6 ಬರುತ್ತದೆ. ಉದ್ದ ತಂತಿಗೆ ವ್ಯಾಸದಿಂದ ಭಾಗಿಸಿದ 4 ಬರುತ್ತದೆ. ಹೊರಗಿನ ಒಂದು ಪದರ ಪರಮಾಣುಗಳು ಕಾಲು ನ್ಯಾನೋಮೀಟರ್ ದಪ್ಪ ಎಂದಿಟ್ಟುಕೊಳ್ಳಿ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್). 5 ನ್ಯಾನೋಮೀಟರ್ ಗುಂಡಿನಲ್ಲಿ ಶೇ 27ರಷ್ಟು ಪರಮಾಣುಗಳು ಹೊರಗಿರುತ್ತವೆ. ಅಷ್ಟೇ ವ್ಯಾಸದ ತಂತಿಯಲ್ಲಿ ಶೇ 19. ತಂತಿಯ ವ್ಯಾಸ 50 ನ್ಯಾನೋಮೀಟರ್ ಆದರೆ ಹೊರಗಿರುವುದು ಶೇ 2 ಮಾತ್ರ. ನೂರಕ್ಕೆ ತೊಂಬತ್ತೆಂಟು ಪರಮಾಣುಗಳು ಒಳಗೆ ಸುಮ್ನೆ ಕೂತಿವೆ. ಪ್ಲಾಟಿನಂನಂಥ ಲೋಹದಲ್ಲಿ 50 ನ್ಯಾನೋಮೀಟರ್ ದಪ್ಪದ ತಂತಿ ಮಾಡುವುದು ದುಂದು.

ಹಾಗಾದರೆ ತಂತಿಯ ಲಾಭ ಎಲ್ಲಿ? ಮೊದಲನೆಯದು, ಬಾಳಿಕೆ. ಚಿಕ್ಕ ಕಣಗಳು ಒಂದಕ್ಕೊಂದು ತಗುಲಿ, ಕೂಡಿ, ದೊಡ್ಡ ಗಡ್ಡೆಗಳಾಗುತ್ತವೆ. ಹೀಗಾದಾಗ ಆ ಶೇ 27 ಹೆಸರಿಗೆ ಮಾತ್ರ ಉಳಿಯುತ್ತದೆ. ತಂತಿಗಳು ಒಂದರ ಮೇಲೊಂದು ಬಿದ್ದರೂ ಹುಲ್ಲಿನ ಮೆದೆಯಂತೆ ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ. ನಡುವೆ ಸಂದು ಉಳಿಯುತ್ತದೆ. ದ್ರಾವಣ ಒಳಗೆ ಹೋಗುತ್ತದೆ, ಗುಳ್ಳೆ ಹೊರಗೆ ಬರುತ್ತದೆ.

ಎರಡನೆಯದು ಕೈಗೆ ಸಿಗುವುದು. ಇದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಶುರುವಿನಲ್ಲಿ ಕಣಗಳ ಪುಡಿ ಬಳಸುತ್ತಿದ್ದೆ. ಪ್ರತಿ ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತೊಳೆದು, ಮತ್ತೆ ಬಳಸುವುದು. ಹತ್ತನೇ ಸಲಕ್ಕೆ ವೇಗ ಬಹಳ ಇಳಿದಿತ್ತು. ವೇಗವರ್ಧಕ ಸತ್ತಿತು ಎಂದು ಬರೆದೂ ಬಿಟ್ಟಿದ್ದೆ. ಆಮೇಲೆ ತೂಗಿ ನೋಡಿದರೆ ಪುಡಿಯೇ ಕಡಿಮೆಯಾಗಿತ್ತು. ಟ್ಯೂಬಿನ ಗೋಡೆಯ ಮೇಲೆ ಸ್ವಲ್ಪ, ತೊಳೆದ ನೀರಿನಲ್ಲಿ ಸ್ವಲ್ಪ. ಪ್ರತಿ ತೊಳೆತಕ್ಕೆ ಶೇ 5 ಹೋದರೂ ಹತ್ತು ತೊಳೆತದ ನಂತರ ಉಳಿಯುವುದು ಶೇ 60. ಲೋಹದ ತಪ್ಪು ಏನೂ ಇರಲಿಲ್ಲ. ತಂತಿಗಳು ಉದ್ದವಿದ್ದರೆ ಸಾಮಾನ್ಯ ಸೋಸು ಹಾಳೆಯ ಮೇಲೇ ಚಾಪೆಯಂತೆ ನಿಲ್ಲುತ್ತವೆ. ನಿಕಲ್ ಅಥವಾ ಕೋಬಾಲ್ಟ್ ತಂತಿಯಾದರೆ ಫ್ಲಾಸ್ಕಿನ ಹೊರಗೆ ಒಂದು ಅಯಸ್ಕಾಂತ ಹಿಡಿದರೆ ಸಾಕು. ಕಪ್ಪು ಕೂದಲಿನ ಎಳೆಗಳಂತೆ ಎಲ್ಲ ಗೋಡೆಗೆ ಬಂದು ಅಂಟುತ್ತವೆ. ದ್ರಾವಣ ಬಗ್ಗಿಸಿ, ಹೊಸದು ಹಾಕಿ, ಅಯಸ್ಕಾಂತ ತೆಗೆದರಾಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ತಂತಿಗಳನ್ನು ಪುಡಿಯಾಗಿ ಅಲ್ಲದೆ ಸ್ಪಂಜಿನಂತೆ ತೂತುಗಳಿರುವ ಲೋಹದ ಫೋಮ್ ಮೇಲೆ, ಟೈಟಾನಿಯಂ ಜಾಲರಿಯ ಮೇಲೆ ಅಥವಾ ಇಂಗಾಲದ ಬಟ್ಟೆಯ ಮೇಲೆ ಭತ್ತದ ಪೈರಿನಂತೆ ನೆಟ್ಟಗೆ ಬೆಳೆಸಬಹುದು. ಆ ತುಂಡನ್ನು ಚಿಮಟದಲ್ಲಿ ಹಿಡಿದು ಬೋರೋಹೈಡ್ರೈಡ್ ದ್ರಾವಣಕ್ಕೆ ಇಳಿಸಿ ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಸೋಡಾದಂತೆ ಏಳುತ್ತವೆ. ಎತ್ತಿ. ನಿಂತಿತು. ಮತ್ತೆ ಇಳಿಸಿ. ಮತ್ತೆ ಶುರು. ಸ್ವಿಚ್ಚು ಹಾಕಿ ಆರಿಸಿದ ಹಾಗೆ. ಪುಡಿಯಲ್ಲಿ ಇದು ಆಗದ ಮಾತು. ನೆಟ್ಟಗೆ ನಿಂತ ತಂತಿಗಳ ತುದಿಯಿಂದ ಗುಳ್ಳೆ ಚಿಕ್ಕದಿರುವಾಗಲೇ ಬಿಡಿಸಿಕೊಂಡು ಹೋಗುತ್ತದೆ. ಚಪ್ಪಟೆ ಮೇಲ್ಮೈಯಲ್ಲಿ ಅದು ದೊಡ್ಡದಾಗುವವರೆಗೆ ಅಂಟಿಕೊಂಡು ಜಾಗ ಮುಚ್ಚುತ್ತದೆ.

ಯಾವ ತಂತಿ ಹೇಗೆ

ಬೆಳ್ಳಿ ತಂತಿ ಮಾಡುವುದು ಸುಲಭ. ಎಥಿಲೀನ್ ಗ್ಲೈಕಾಲ್‌ನಲ್ಲಿ ಬೆಳ್ಳಿ ನೈಟ್ರೇಟ್ ಮತ್ತು ಪಿವಿಪಿ ಎಂಬ ಪಾಲಿಮರ್ ಹಾಕಿ 160 ಡಿಗ್ರಿ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಹತ್ತಾರು ನ್ಯಾನೋಮೀಟರ್ ದಪ್ಪದ, ಉದ್ದನೆಯ ತಂತಿಗಳು ಸಿಗುತ್ತವೆ. ಬೆಳ್ಳಿ ತಾನೇ ಈ ಕೆಲಸಕ್ಕೆ ಮಂದ. ಅದನ್ನು ಅಚ್ಚಾಗಿ ಬಳಸಬೇಕು. ಪಲ್ಲೇಡಿಯಂ ಅಥವಾ ಪ್ಲಾಟಿನಂ ಲವಣದ ದ್ರಾವಣಕ್ಕೆ ಹಾಕಿದರೆ ಬೆಳ್ಳಿ ಕರಗುತ್ತಾ ಆ ಲೋಹ ಮೇಲೆ ಕೂರುತ್ತದೆ. ಬಿಟ್ಟರೆ ಒಳಗೆ ಪೊಳ್ಳಾದ ಕೊಳವೆಯಾಗುತ್ತದೆ, ಬೇಗ ನಿಲ್ಲಿಸಿದರೆ ತೆಳು ಹೊದಿಕೆಯಾಗುತ್ತದೆ. ಫಾರ್ಮಿಕ್ ಆಮ್ಲಕ್ಕೆ ತಂತಿ ಬೇಕೆಂದರೆ ನಾನು ಹಿಡಿಯುವ ದಾರಿ ಇದೇ. ದಪ್ಪ ತಂತಿಯ ದುಂದು ಇಲ್ಲಿ ಇಲ್ಲ, ಯಾಕೆಂದರೆ ಒಳಗಿರುವುದು ಬೆಳ್ಳಿ.

ತೆಳು ಪ್ಲಾಟಿನಂ ತಂತಿಗೆ ಒಂದು ಚಂದದ ದಾರಿಯಿದೆ. ಕ್ಲೋರೋಪ್ಲಾಟಿನಿಕ್ ಆಮ್ಲಕ್ಕೆ ಫಾರ್ಮಿಕ್ ಆಮ್ಲ ಸೇರಿಸಿ ಸಾಮಾನ್ಯ ತಾಪಮಾನದಲ್ಲಿ ಬಿಟ್ಟರೆ 4 ನ್ಯಾನೋಮೀಟರ್ ಹತ್ತಿರದ ತಂತಿಗಳು ತಾವಾಗಿ ಬೆಳೆಯುತ್ತವೆ. ಪಿವಿಪಿಯಂಥ ಹೊದಿಕೆ ಬೇಕಿಲ್ಲ. ಇದು ಸಣ್ಣ ವಿಷಯವಲ್ಲ. ತಂತಿಯ ಆಕಾರ ಹಿಡಿದಿಡಲು ಬಳಸುವ ಪಿವಿಪಿ, ಒಲೈಲಮೀನ್ ಇವೆಲ್ಲ ಲೋಹದ ಮೈಯನ್ನು ಮುಚ್ಚುತ್ತವೆ. ಅವನ್ನು ಸುಟ್ಟು ತೆಗೆಯೋಣವೆಂದರೆ ತಂತಿ ತುಂಡಾಗುತ್ತದೆ. ಬೆಳ್ಳಿ ದೊಡ್ಡ ಗಟ್ಟಿಯಾಗಿದ್ದರೆ 962 ಡಿಗ್ರಿಯಲ್ಲಿ ಕರಗುವ ಲೋಹ. ಆದರೆ ತೆಳು ಬೆಳ್ಳಿ ತಂತಿ 300 ಡಿಗ್ರಿ ಆಸುಪಾಸಿನಲ್ಲೇ ಮಣಿಗಳ ಸಾಲಾಗಿ ಒಡೆಯುತ್ತದೆ. ನಲ್ಲಿಯ ನೀರಿನ ಸಣ್ಣ ಧಾರೆ ಕೆಳಗೆ ಬರುತ್ತಾ ಹನಿಗಳಾಗುತ್ತದಲ್ಲ, ಅದೇ ಕಾರಣ.

ತಾಮ್ರದ ತಂತಿ ಕಡಿಮೆ ಖರ್ಚಿನದು, ಆದರೆ ಗಾಳಿಗೆ ಹೆದರುತ್ತದೆ. ಒಮ್ಮೆ ಅಮೋನಿಯಾ ಬೋರೇನ್ ಪ್ರಯೋಗ ಮುಗಿಸಿ ತಾಮ್ರದ ತಂತಿಗಳನ್ನು ಅದೇ ದ್ರಾವಣದಲ್ಲಿ ಬಾಯಿ ತೆರೆದು ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ದ್ರಾವಣ ತಿಳಿ ನೀಲಿ. ತಾಮ್ರ ಅಮೋನಿಯಾದ ಜೊತೆ ಸೇರಿ ಕರಗಿತ್ತು. ಜಲಜನಕ ಏಳುತ್ತಿರುವಷ್ಟು ಹೊತ್ತು ತಾಮ್ರಕ್ಕೆ ರಕ್ಷಣೆ ಇರುತ್ತದೆ. ಗುಳ್ಳೆ ನಿಂತು ಗಾಳಿ ಒಳಬಂದ ಮೇಲೆ ಇಲ್ಲ. ತಾಮ್ರ ಆರಿಸುವವರು ಪ್ರಯೋಗ ಮುಗಿದ ತಕ್ಷಣ ತೊಳೆದು ತೆಗೆಯಿರಿ. ನೀಲಿ ಬಣ್ಣ ಕಂಡರೆ ಆ ತಂತಿಯ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ.

ನಿಕಲ್, ಕೋಬಾಲ್ಟ್ ತಂತಿಗಳನ್ನು ಹೈಡ್ರಜೀನ್ ಬಳಸಿ, ಅಯಸ್ಕಾಂತದ ನೆರಳಿನಲ್ಲಿ ಬೆಳೆಸುತ್ತಾರೆ. ಕಣಗಳು ಸಾಲಾಗಿ ಜೋಡಿಕೊಂಡು ತಂತಿಯಾಗುತ್ತವೆ. ಸ್ವಲ್ಪ ದಪ್ಪ, ಸ್ವಲ್ಪ ಮುಳ್ಳುಮುಳ್ಳು. ಮುಳ್ಳು ಇದ್ದರೆ ಒಳ್ಳೆಯದೇ, ಮೇಲ್ಮೈ ಜಾಸ್ತಿ.

ಕೋಬಾಲ್ಟ್ ಫಾಸ್ಫೈಡ್ ತಂತಿಗಳನ್ನು ಬೆಳೆಸುವವರಿಗೆ ಒಂದು ಎಚ್ಚರಿಕೆ. ಮೊದಲು ಕೋಬಾಲ್ಟ್ ಲವಣದ ತಂತಿಗಳನ್ನು ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರಿನಲ್ಲಿ ಬೆಳೆಸಿ, ಆಮೇಲೆ ಸೋಡಿಯಂ ಹೈಪೋಫಾಸ್ಫೈಟ್ ಜೊತೆ 300 ಡಿಗ್ರಿ ಹತ್ತಿರ ಕಾಯಿಸುತ್ತಾರೆ. ಆಗ ಫಾಸ್ಫೀನ್ ಅನಿಲ ಬರುತ್ತದೆ. ಅದು ಕಡು ವಿಷ. ಫ್ಯೂಮ್ ಹುಡ್ ಇಲ್ಲದ ಕಡೆ ಇದನ್ನು ಮಾಡಲೇಬಾರದು. ಆ ವ್ಯವಸ್ಥೆ ಇಲ್ಲದಿದ್ದರೆ ಕೋಬಾಲ್ಟ್ ಬೋರೈಡ್ ಆರಿಸಿ. ಬೋರೋಹೈಡ್ರೈಡ್ ದ್ರಾವಣವೇ ಅದನ್ನು ಮಾಡಿಕೊಡುತ್ತದೆ.

ಯಾವ ತಂತಿಯಾದರೂ ಒಣಗಿಸುವಾಗ ಹುಷಾರು. ಜಲಜನಕ ಹೀರಿದ ಪಲ್ಲೇಡಿಯಂ, ಪ್ಲಾಟಿನಂ ಚಾಪೆ ಒಣಗಿ ಗಾಳಿಗೆ ಬಂದರೆ ಬೆಂಕಿ ಹೊತ್ತಬಹುದು. ಪಕ್ಕದಲ್ಲಿ ಆಲ್ಕೋಹಾಲ್ ಇದ್ದರೆ ಇನ್ನೂ ಅಪಾಯ. ಒಣ ತಂತಿಯ ಧೂಳು ಉಸಿರಿಗೆ ಹೋಗುವುದೂ ಒಳ್ಳೆಯದಲ್ಲ. ಒದ್ದೆಯಾಗಿಯೇ ಇಟ್ಟುಕೊಳ್ಳಿ. ಜಲಜನಕ ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಅಷ್ಟು ಅಗಲದ ಮಿತಿ ಇರುವ ಅನಿಲವನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಡಿಸಬೇಡಿ.

ಸಂಖ್ಯೆಗಳನ್ನು ಓದುವಾಗ

ಎರಡು ತಂತಿಗಳನ್ನು ಹೋಲಿಸುವಾಗ ಎಲ್ಲರೂ ನೋಡುವುದು ಟರ್ನ್‌ಓವರ್ ಫ್ರೀಕ್ವೆನ್ಸಿ. ಒಂದು ಮೋಲ್ ಲೋಹ ಒಂದು ನಿಮಿಷಕ್ಕೆ ಎಷ್ಟು ಮೋಲ್ ಜಲಜನಕ ಬಿಡಿಸಿತು ಎಂಬ ಲೆಕ್ಕ. ಮೊದಲು ಕೇಳಬೇಕಾದ್ದು, ಯಾವ ಲೋಹದ ಮೋಲ್? ಹಾಕಿದ ಒಟ್ಟು ಲೋಹವೇ, ಮೇಲ್ಮೈಯಲ್ಲಿರುವುದು ಮಾತ್ರವೇ? 50 ನ್ಯಾನೋಮೀಟರ್ ತಂತಿಯಲ್ಲಿ ಮೇಲ್ಮೈ ಶೇ 2 ಎಂದೆವಲ್ಲ. ಅಂದರೆ ಅದೇ ತಂತಿ, ಅದೇ ಪ್ರಯೋಗ, ಭಾಗಿಸುವ ಸಂಖ್ಯೆ ಬದಲಾದರೆ ಉತ್ತರ ಐವತ್ತು ಪಟ್ಟು ಬದಲಾಗುತ್ತದೆ. ಅಪರೂಪದ ಲೋಹ ಕೊಳ್ಳುವವರಿಗೆ ಒಟ್ಟು ಲೋಹದ ಲೆಕ್ಕವೇ ಸರಿ. ಕೊಂಡದ್ದು ಪೂರ್ತಿ ತಂತಿಯನ್ನು, ಬರೀ ಸಿಪ್ಪೆಯನ್ನಲ್ಲ.

ಆಮೇಲೆ ತಾಪಮಾನ. ಇಂಥ ಪ್ರತಿಕ್ರಿಯೆಗಳಲ್ಲಿ 25ರಿಂದ 35 ಡಿಗ್ರಿಗೆ ಏರಿದರೆ ವೇಗ ಹೆಚ್ಚುಕಡಿಮೆ ಎರಡರಷ್ಟು. ಬೋರೋಹೈಡ್ರೈಡ್ ತನ್ನನ್ನು ತಾನೇ ಕಾಯಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ. ಫ್ಲಾಸ್ಕ್ ಇಟ್ಟ ತೊಟ್ಟಿಯ ನೀರು 25 ಡಿಗ್ರಿ ತೋರಿಸಿದರೂ ಫ್ಲಾಸ್ಕಿನೊಳಗೆ 35 ಇರಬಹುದು. ಥರ್ಮಾಮೀಟರ್ ಫ್ಲಾಸ್ಕಿನ ಒಳಗೇ ಇರಲಿ.

ಮರುಬಳಕೆಯ ಪರೀಕ್ಷೆಯನ್ನು ಹೇಗೆ ಮಾಡಿದರು ಎಂಬುದನ್ನೂ ನೋಡಬೇಕು. ಹಳೆಯ ದ್ರಾವಣಕ್ಕೇ ಹೊಸ ಪದಾರ್ಥ ಸೇರಿಸುತ್ತಾ ಹೋದರೆ ಬೋರೇಟ್ ಸೇರಿಕೊಂಡು ವೇಗ ಇಳಿಯುತ್ತದೆ. ತೊಳೆದು ಬಳಸಿದರೆ ತೊಳೆತದ ನಷ್ಟ. ಎರಡೂ ತಂತಿಯ ತಪ್ಪಲ್ಲ. ನಿಮ್ಮ ಸಾಧನ ಹೇಗೆ ಓಡುತ್ತದೋ ಹಾಗೆಯೇ ಪರೀಕ್ಷಿಸಿ.

ಇನ್ನೊಂದು ಸರಳ ಪರೀಕ್ಷೆ ಇದೆ. ಪ್ರತಿಕ್ರಿಯೆಯ ಅರ್ಧದಲ್ಲಿ ತಂತಿಗಳನ್ನು ಸೋಸಿ ತೆಗೆದುಬಿಡಿ. ತಿಳಿ ದ್ರಾವಣದಲ್ಲಿ ಗುಳ್ಳೆ ನಿಂತರೆ ಸರಿ. ನಿಲ್ಲದಿದ್ದರೆ ಲೋಹ ಕರಗಿ ದ್ರಾವಣಕ್ಕೆ ಬಂದಿದೆ, ಕೆಲಸ ಮಾಡುತ್ತಿರುವುದು ತಂತಿಯಲ್ಲ. ಹತ್ತು ನಿಮಿಷದ ಕೆಲಸ. ಆದರೂ ಬಹಳ ಜನ ಮಾಡುವುದಿಲ್ಲ.

ನಿಮ್ಮ ಕೆಲಸ ಯಾವುದು?

ಚಿಕ್ಕ ಫ್ಯೂಯೆಲ್ ಸೆಲ್‌ಗೆ ಬೇಕಾದಾಗ ಮಾತ್ರ ಜಲಜನಕ ಸಾಕು ಅನ್ನುವವರು ಬೋರೋಹೈಡ್ರೈಡ್ ತೆಗೆದುಕೊಳ್ಳಿ. ನಿಕಲ್ ಫೋಮ್ ಮೇಲೆ ಬೆಳೆಸಿದ ಕೋಬಾಲ್ಟ್ ತಂತಿ ಹಾಕಿ. ಹರಳು ಕೂತಾಗ ಫೋಮನ್ನು ಬಿಸಿನೀರಿನಲ್ಲಿ ತೊಳೆದರೆ ಬೋರೇಟ್ ಕರಗಿ ಹೋಗುತ್ತದೆ. ಪುಡಿ ಬಳಸಿದ್ದರೆ ಇದೇ ಕೆಲಸಕ್ಕೆ ಅರ್ಧ ದಿನ ಬೇಕು.

ಲೋಹಗಳ ಬೆರಕೆಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳಿಗೆ ಅಮೋನಿಯಾ ಬೋರೇನ್. ತಾಮ್ರ ಮತ್ತು ಕೋಬಾಲ್ಟ್ ಬೆರೆತ ತಂತಿಯಿಂದ ಶುರು ಮಾಡಿ. ಪಕ್ಕದಲ್ಲಿ ಅದೇ ಬೆರಕೆಯ ಗುಂಡು ಕಣಗಳನ್ನೂ ಅಳೆಯಿರಿ. ಆ ಹೋಲಿಕೆ ಇಲ್ಲದಿದ್ದರೆ ತಂತಿಯಿಂದ ಏನು ಲಾಭವಾಯಿತು ಎಂದು ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಮತ್ತೆ ಮತ್ತೆ ತುಂಬಿಸಿ ಬಳಸುವ ವ್ಯವಸ್ಥೆ ಕಟ್ಟುವವರಿಗೆ ಫಾರ್ಮಿಕ್ ಆಮ್ಲ. ಬೆಳ್ಳಿಯ ಮೇಲೆ ಪಲ್ಲೇಡಿಯಂ ಹೊದಿಸಿದ ತಂತಿ ಇರಲಿ, ಮೊನಾಕ್ಸೈಡ್ ಅಳೆಯುವ ಉಪಕರಣ ಮೊದಲ ದಿನದಿಂದಲೇ ಇರಲಿ. ಆ ಉಪಕರಣ ಇಲ್ಲದಿದ್ದರೆ ಅದು ಬರುವವರೆಗೆ ಕಾಯಿರಿ.

ಕೆಲವು ಸಲ ತಂತಿಯೇ ಬೇಡ. ನಿಮ್ಮ ಲೋಹ ಪ್ಲಾಟಿನಂ, ಬಳಸುವುದು ಒಂದೇ ಸಲ, ಬೇಕಾದದ್ದು ವೇಗ ಮಾತ್ರ ಎಂದಾದರೆ ಇಂಗಾಲದ ಪುಡಿಯ ಮೇಲೆ ಕೂರಿಸಿದ 2 ನ್ಯಾನೋಮೀಟರ್ ಕಣಗಳೇ ಸರಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪರಮಾಣುಗಳು ಹೊರಗಿರುತ್ತವೆ. ಅದೇ ಪ್ಲಾಟಿನಂ ಇಪ್ಪತ್ತು ಸಲ ತೊಳೆದು ಬಳಸಬೇಕು ಎಂದಾದ ದಿನ 4 ನ್ಯಾನೋಮೀಟರ್ ತಂತಿಯ ಬಾಟಲಿ ತೆಗೆಯಿರಿ.